ಬೆಳಕು ತಲುಪದ ಕಡಲತಳದ ಆಹಾರಜಾಲ

(ಕನ್ನಡ ಮಾಧ್ಯಮದ ವಿಜ್ಞಾನ ಶಿಕ್ಷಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪರಿಸರ ವ್ಯವಸ್ಥೆಯ ಪಾಠವನ್ನು ನಾವೆಲ್ಲರೂ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಆರಂಭಿಸುತ್ತೇವೆ. ಕಪ್ಪುಹಲಗೆಯ ಮೇಲ್ತುದಿಯಲ್ಲಿ ಒಂದು ವೃತ್ತ, ಅದರ ಸುತ್ತ ಕಿರಣಗಳು, ಅದು ಸೂರ್ಯ. ಅಲ್ಲಿಂದ ಹುಲ್ಲಿಗೆ ಒಂದು ಬಾಣ, ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ, ಹಾವಿನಿಂದ ಗರುಡನಿಗೆ. ಕಡಲ ತೀರದ ಶಾಲೆಯಾದರೆ ಹುಲ್ಲಿನ ಜಾಗದಲ್ಲಿ ಸಸ್ಯಪ್ಲವಕ, ಮಿಡತೆಯ ಜಾಗದಲ್ಲಿ ಬೂತಾಯಿ ಬರುತ್ತದೆ. ನೆರೆಮನೆಯವರ ಮಾತಿನಲ್ಲಿ ಅದೇ ಮತ್ತಿ. ಅನಂತರ ಅದನ್ನು ತಿನ್ನುವ ದೊಡ್ಡ ಮೀನು, ಕೊನೆಯಲ್ಲಿ ಮನುಷ್ಯ. ಚಿತ್ರದ ಕೆಳಗೆ ಒಂದು ವಾಕ್ಯ ಬರೆಸುತ್ತೇವೆ: ಭೂಮಿಯ ಮೇಲಿನ ಎಲ್ಲ ಆಹಾರಕ್ಕೂ ಮೂಲ ಸೂರ್ಯ. ಪರೀಕ್ಷೆಯಲ್ಲಿ ಅದೇ ವಾಕ್ಯವು ‘ಸರಿಯೋ ತಪ್ಪೋ ಎಂದು ಗುರುತಿಸಿರಿ’ ಎಂಬ ಪ್ರಶ್ನೆಯಾಗಿ ಮರಳಿ ಬರುತ್ತದೆ. ‘ಸರಿ’ ಎಂದು ಬರೆದವರಿಗೆ ಒಂದು ಅಂಕ.

ಇಂದು ತರಗತಿಯಲ್ಲಿ ಒಂದು ಮಗು ಎದ್ದು ನಿಂತು, “ಟೀಚರ್, ಕಡಲಿನ ತಳದಲ್ಲಿ ಸೂರ್ಯನ ಬೆಳಕೇ ಬೇಡದೆ ಬದುಕುವ ಹುಳುಗಳಿವೆಯಂತೆ” ಎಂದು ಹೇಳುವ ಸಂಭವ ಧಾರಾಳವಾಗಿದೆ. ಮನೆಯ ಮೊಬೈಲಿನಲ್ಲಿ ಅದು ಆ ಹುಳುವಿನ ಚಲನಚಿತ್ರವನ್ನೇ ನೋಡಿರುತ್ತದೆ. ಆಗ ಶಿಕ್ಷಕರು ಕೊಡಬಹುದಾದ ಎರಡು ಸುಲಭ ಉತ್ತರಗಳಿವೆ. ‘ಅದೆಲ್ಲ ಪಾಠದಲ್ಲಿಲ್ಲ, ಕುಳಿತುಕೋ’ ಎಂಬುದು ಒಂದು. ‘ಹೌದು, ಅವುಗಳಿಗೂ ಸೂರ್ಯನಿಗೂ ಯಾವ ಸಂಬಂಧವೂ ಇಲ್ಲ’ ಎಂಬುದು ಇನ್ನೊಂದು. ಮೊದಲನೆಯದು ಮಗುವಿಗೆ ಮಾಡುವ ಅನ್ಯಾಯ, ಎರಡನೆಯದು ವಿಷಯಕ್ಕೆ ಮಾಡುವ ಅನ್ಯಾಯ. ಇವೆರಡರ ನಡುವೆ ಇರುವ ಉತ್ತರವನ್ನು ತಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ. ಅದಕ್ಕಾಗಿ ‘ಮೂಲ’ ಎಂಬ ನಮ್ಮ ಪರಿಚಿತ ಪದವನ್ನು ಸ್ವಲ್ಪ ಬಿಚ್ಚಿ ನೋಡಬೇಕಾಗುತ್ತದೆ. ಶಕ್ತಿ ಎಲ್ಲಿಂದ ಬಂತು, ದೇಹ ಕಟ್ಟುವ ಇಂಗಾಲ ಎಲ್ಲಿಂದ ಬಂತು, ಆಮ್ಲಜನಕ ಎಲ್ಲಿಂದ ಬಂತು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಆ ಒಂದು ಪದ ತನ್ನೊಳಗೆ ಮುಚ್ಚಿಟ್ಟುಕೊಂಡಿದೆ. ಹುಲ್ಲುಗಾವಲಿನಲ್ಲಿ ಈ ಮೂರನ್ನೂ ಬೇರ್ಪಡಿಸದಿದ್ದರೂ ನಡೆಯುತ್ತದೆ. ಕಡಲತಳದಲ್ಲಿ ನಡೆಯುವುದಿಲ್ಲ.

ಸಾಗರದಲ್ಲಿ ದ್ಯುತಿಸಂಶ್ಲೇಷಣೆಗೆ ಸಾಲುವಷ್ಟು ಬೆಳಕು ಹೆಚ್ಚೆಂದರೆ 200 ಮೀಟರ್ ಆಳದವರೆಗೆ ಇಳಿಯುತ್ತದೆ. ಅದರ ಕೆಳಗಿನ ಜೀವಿಗಳು ಮೇಲಿನಿಂದ ಉದುರುವ ಸತ್ತ ಪ್ಲವಕ, ಮಲದ ಕಣ, ಲೋಳೆಯ ಚೂರುಗಳನ್ನು ನಂಬಿ ಬದುಕುತ್ತವೆ. ಈ ಉದುರುವಿಕೆಯನ್ನು ವಿಜ್ಞಾನಿಗಳು ‘ಸಾಗರಹಿಮ’ ಎನ್ನುತ್ತಾರೆ. ದಾರಿಯಲ್ಲೇ ಬಹುಪಾಲು ತಿಂದು ಮುಗಿಯುವುದರಿಂದ ತಳ ಮುಟ್ಟುವುದು ಅತ್ಯಲ್ಪ. ಆದ್ದರಿಂದಲೇ ಆಳಸಾಗರದ ತಳವೆಂದರೆ ಅಲ್ಲೊಂದು ಇಲ್ಲೊಂದು ಜೀವಿ ಕಾಣಸಿಗುವ ಮರುಭೂಮಿ ಎಂದು ಬಹುಕಾಲ ತಿಳಿಯಲಾಗಿತ್ತು.

1977ರ ಫೆಬ್ರವರಿಯಲ್ಲಿ ಗೆಲಾಪಗೋಸ್ ದ್ವೀಪಗಳ ಸಮೀಪದ ಕಡಲತಳದ ಬಿರುಕೊಂದನ್ನು ಪರೀಕ್ಷಿಸಲು ಅಮೆರಿಕದ ಭೂವಿಜ್ಞಾನಿಗಳು ಹೋದರು. ಭೂಫಲಕಗಳು ಒಂದರಿಂದ ಒಂದು ಸರಿಯುವ ಆ ಜಾಗದಲ್ಲಿ ಬಿಸಿನೀರು ಹೊರಬರುತ್ತಿರಬೇಕೆಂಬುದು ಅವರ ಊಹೆಯಾಗಿತ್ತು. ಹಡಗಿನಿಂದ ಎಳೆದ ಕ್ಯಾಮೆರಾ ಸಾವಿರಾರು ಚಿತ್ರಗಳಲ್ಲಿ ಬರಿಯ ಲಾವಾ ಬಂಡೆಯನ್ನು ತೋರಿಸಿತು; ನೀರಿನ ಉಷ್ಣತೆ ಕ್ಷಣಕಾಲ ಏರಿದ ಒಂದೆಡೆಯಲ್ಲಿ ಮಾತ್ರ ಚಿಪ್ಪುಜೀವಿಗಳ ರಾಶಿ ಕಂಡಿತು. ‘ಆಲ್ವಿನ್’ ಎಂಬ ಮುಳುಗುನೌಕೆಯಲ್ಲಿ ಸುಮಾರು 2,500 ಮೀಟರ್ ಆಳಕ್ಕೆ ಇಳಿದವರಿಗೆ ಅಂಗೈಗಿಂತ ದೊಡ್ಡ ಬಿಳಿ ಚಿಪ್ಪುಗಳು, ಪಚ್ಚಿಲೆಯನ್ನು ಹೋಲುವ ಕಂದು ಚಿಪ್ಪುಗಳು, ಬಿಳಿ ಏಡಿಗಳು, ಕೆಂಪು ತುರಾಯಿಯ ಕೊಳವೆಹುಳುಗಳು ಎದುರಾದವು. ಹಡಗಿನಲ್ಲಿ ಒಬ್ಬರೂ ಜೀವವಿಜ್ಞಾನಿ ಇರಲಿಲ್ಲ. ಮಾದರಿಗಳನ್ನು ಕೆಡದಂತೆ ಇಡಲು ತಕ್ಕಷ್ಟು ದ್ರಾವಣವೂ ಇರಲಿಲ್ಲ. ಕೆಲವನ್ನು ರಷ್ಯದ ವೋಡ್ಕಾದಲ್ಲಿ ಮುಳುಗಿಸಿ ತಂದರು. ಮೇಲೆ ತಂದ ನೀರಿನ ಬಾಟಲಿ ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಹಬ್ಬಿತು. ಅದು ಹೈಡ್ರೋಜನ್ ಸಲ್ಫೈಡ್. ಅಲ್ಲಿನ ಜೀವರಾಶಿಯ ಗುಟ್ಟಿಗೆ ಆ ದುರ್ವಾಸನೆಯೇ ಮೊದಲ ಸುಳಿವು.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ಹೈಡ್ರೋಥರ್ಮಲ್ ವೆಂಟ್ ಎನ್ನುವುದಕ್ಕೆ ನಾನು ‘ಕಡಲತಳದ ಬಿಸಿನೀರಿನ ಬುಗ್ಗೆ’ ಎನ್ನುತ್ತೇನೆ. ಪುತ್ತೂರಿನ ಬಳಿಯ ಬೆಂದ್ರುತೀರ್ಥವನ್ನು ಕೇಳಿ ಬಲ್ಲ ಮಕ್ಕಳಿಗೆ ಬುಗ್ಗೆಯೆಂದರೆ ವಿವರಣೆ ಬೇಡ. ಕೋಲ್ಡ್ ಸೀಪ್ ಎಂಬುದಕ್ಕೆ ‘ತಣ್ಣೊಸರು’ ಎಂಬ ಪದವನ್ನು ಬಳಸುತ್ತೇನೆ. ಕಾಸರಗೋಡಿನ ಗುಡ್ಡಗಳ ಸುರಂಗಗಳಲ್ಲಿ ಮುರಕಲ್ಲಿನ ಗೋಡೆಯಿಂದ ನೀರು ಒಸರುವುದನ್ನು ಕಂಡವರಿಗೆ ಆ ಪದದ ಅರ್ಥ ತಾನಾಗಿಯೇ ಹೊಳೆಯುತ್ತದೆ. ಕಡಲತಳದ ಒಸರು ಸುತ್ತಲಿನ ನೀರಿಗಿಂತ ತಣ್ಣಗಿರುತ್ತದೆ ಎಂದು ಇದರಿಂದ ತಿಳಿಯಬಾರದು. ಬುಗ್ಗೆಯಂತೆ ಬಿಸಿಯಾಗಿಲ್ಲ ಎಂಬಷ್ಟೇ ಅರ್ಥ. ಪಾರಿಭಾಷಿಕ ಪದವನ್ನು ಮಕ್ಕಳು ಮುಂದೆ ಇಂಗ್ಲಿಷಿನಲ್ಲಿ ಕಲಿತೇ ಕಲಿಯುತ್ತಾರೆ. ಪರಿಕಲ್ಪನೆಯು ಮೊದಲು ಮನೆಮಾತಿನಲ್ಲಿ ನೆಲೆಯೂರಲಿ ಎಂಬುದು ನನ್ನ ಅಭಿಪ್ರಾಯ.

ಬುಗ್ಗೆಯಲ್ಲಿ ಆಗುವುದೇನು? ಕಡಲ ನೀರು ತಳದ ಬಿರುಕುಗಳಲ್ಲಿ ಕೆಳಗಿಳಿದು ಶಿಲಾಪಾಕದ ಸಮೀಪದಲ್ಲಿ ಕಾಯುತ್ತದೆ. ಕಾಯುವಾಗ ತನ್ನಲ್ಲಿದ್ದ ಆಮ್ಲಜನಕವನ್ನು ಕಳೆದುಕೊಂಡು, ಬಂಡೆಯಿಂದ ಹೈಡ್ರೋಜನ್ ಸಲ್ಫೈಡ್, ಕಬ್ಬಿಣ, ತಾಮ್ರ, ಸತುವುಗಳನ್ನು ಪಡೆದುಕೊಂಡು ಮೇಲಕ್ಕೆ ಚಿಮ್ಮುತ್ತದೆ. 1979ರಲ್ಲಿ ಪೂರ್ವ ಶಾಂತಸಾಗರದ ಪರ್ವತಶ್ರೇಣಿಯ ಮೇಲೆ ಕಂಡ ಬುಗ್ಗೆಗಳಲ್ಲಿ ನೀರಿನ ಉಷ್ಣತೆ 350 ಡಿಗ್ರಿ ಸೆಲ್ಸಿಯಸ್ ಮೀರಿತ್ತು. ಮೇಲಿನ ನೀರಿನ ಅಗಾಧ ಒತ್ತಡದಿಂದಾಗಿ ಅದು ಕುದಿದು ಆವಿಯಾಗುವುದಿಲ್ಲ. ಎರಡು ಡಿಗ್ರಿಯ ತಣ್ಣೀರಿಗೆ ತಗುಲಿದ ಕೂಡಲೇ ಅದರಲ್ಲಿನ ಲೋಹದ ಸಲ್ಫೈಡುಗಳು ಕಪ್ಪು ಕಣಗಳಾಗಿ ಬೇರ್ಪಡುತ್ತವೆ. ದೂರದಿಂದ ನೋಡಿದರೆ ಚಿಮಣಿಯಿಂದ ಹೊಗೆ ಏಳುವಂತೆ ಕಾಣುತ್ತದೆ.

ಈ ಬಿಸಿಯನ್ನು ಕಂಡು ಮಕ್ಕಳು ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ: ಮೇಲೆ ಬೆಳಕು ಮಾಡುವ ಕೆಲಸವನ್ನು ಕೆಳಗೆ ಶಾಖ ಮಾಡುತ್ತದೆ ಎಂದು. ಹಾಗಲ್ಲ. ಶಾಖವನ್ನು ಯಾವ ಬ್ಯಾಕ್ಟೀರಿಯವೂ ತಿನ್ನುವುದಿಲ್ಲ. ಕೊಳವೆಹುಳುಗಳು ಬೆಳೆಯುವುದು ಬುಗ್ಗೆಯ ಬಾಯಿಯಲ್ಲಲ್ಲ. ಬುಗ್ಗೆಯ ನೀರು ಕಡಲ ನೀರಿನೊಡನೆ ಬೆರೆತು ಸಾಕಷ್ಟು ತಣಿದ ಅಂಚಿನಲ್ಲಿ. ಅಲ್ಲಿ ಒಂದು ಕಡೆಯಿಂದ ಸಲ್ಫೈಡ್, ಇನ್ನೊಂದು ಕಡೆಯಿಂದ ಆಮ್ಲಜನಕ ಬಂದು ಸೇರುತ್ತವೆ. ಸಲ್ಫೈಡನ್ನು ಆಮ್ಲಜನಕದಿಂದ ಉತ್ಕರ್ಷಿಸಿದಾಗ ಬಿಡುಗಡೆಯಾಗುವ ಶಕ್ತಿಯನ್ನು ಹಿಡಿದು, ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡಿನಿಂದ ಬ್ಯಾಕ್ಟೀರಿಯಗಳು ಸಕ್ಕರೆ ಕಟ್ಟುತ್ತವೆ. ಇದು ರಾಸಾಯನಿಕ ಸಂಶ್ಲೇಷಣೆ. ಇದು 1977ರ ಶೋಧವೇನಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಗಂಧಕದ ನೀರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಗಳನ್ನು ಅಭ್ಯಸಿಸಿ ಸೆರ್ಗೈ ವಿನೊಗ್ರಾಡ್ಸ್ಕಿ 1880ರ ದಶಕದಲ್ಲಿಯೇ ಈ ಬಗೆಯ ಜೀವನಕ್ರಮವನ್ನು ತೋರಿಸಿಕೊಟ್ಟಿದ್ದರು. ಕೆಸರಿನ ಒಂದು ಮೂಲೆಯ ವಿಚಿತ್ರವೆಂದು ತಿಳಿದಿದ್ದ ವಿದ್ಯಮಾನವು ಆಳುದ್ದದ ಪ್ರಾಣಿಗಳ ಇಡೀ ಸಮುದಾಯವನ್ನೇ ಸಾಕಬಲ್ಲದು ಎಂಬುದು ಮಾತ್ರ ಹೊಸ ಸಂಗತಿಯಾಗಿತ್ತು.

ಹೇಗೆ ಸಾಕುತ್ತದೆ ಎಂಬುದು ತಿಳಿಯಲು ಇನ್ನೂ ಮೂರು ನಾಲ್ಕು ವರ್ಷಗಳು ಬೇಕಾದವು. ‘ರಿಫ್ಟಿಯಾ’ ಎಂಬ ಆ ಕೊಳವೆಹುಳು ಎರಡು ಮೀಟರಿನಷ್ಟು ಉದ್ದ ಬೆಳೆಯುತ್ತದೆ. ಬಾಯಿಯಿಲ್ಲ, ಕರುಳಿಲ್ಲ, ಗುದದ್ವಾರವಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ಮೆರೆಡಿತ್ ಜೋನ್ಸ್ ಅದರ ಅಂಗರಚನೆಯನ್ನು ಅಭ್ಯಸಿಸುತ್ತಿದ್ದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಉಪನ್ಯಾಸ ನೀಡುತ್ತ, ಹುಳುವಿನ ದೇಹದೊಳಗಿನ ಮೆತ್ತನೆಯ ಅಂಗಾಂಶದಲ್ಲಿ ಗಂಧಕದ ಹರಳುಗಳು ಕಂಡವೆಂದು ಹೇಳಿದಾಗ, ಮೊದಲ ವರ್ಷದ ಸಂಶೋಧನ ವಿದ್ಯಾರ್ಥಿನಿ ಕಾಲೀನ್ ಕ್ಯಾವನಾ ಎದ್ದು ನಿಂತು, ಹುಳುವಿನೊಳಗೆ ಸಲ್ಫೈಡ್ ಬಳಸುವ ಬ್ಯಾಕ್ಟೀರಿಯಗಳೇ ಇರಬೇಕೆಂದು ವಾದಿಸಿದರು. ಅಂಗಾಂಶದ ತುಣುಕನ್ನು ಪಡೆದು ಪರೀಕ್ಷಿಸಿ 1981ರಲ್ಲಿ ಅದನ್ನು ಸಿದ್ಧಪಡಿಸಿಯೂ ತೋರಿಸಿದರು. ತರಗತಿಯಲ್ಲಿ ಎದ್ದು ನಿಲ್ಲುವ ವಿದ್ಯಾರ್ಥಿಗಳ ಬಗ್ಗೆ ನಾವು ಮಾತನಾಡುತ್ತಿರುವುದರಿಂದ ಈ ಪ್ರಸಂಗವನ್ನು ಹೇಳದೆ ಬಿಡಲಾಗಲಿಲ್ಲ.

ಹುಳುವಿನ ಕೆಂಪು ತುರಾಯಿಯ ಬಣ್ಣಕ್ಕೆ ಕಾರಣ ಹಿಮೋಗ್ಲೋಬಿನ್, ನಮ್ಮ ರಕ್ತದ ಅದೇ ವರ್ಗದ ವಸ್ತು. ಆದರೆ ಅದು ಆಮ್ಲಜನಕವನ್ನು ಒಂದು ಜಾಗದಲ್ಲಿ, ಸಲ್ಫೈಡನ್ನು ಇನ್ನೊಂದು ಜಾಗದಲ್ಲಿ ಹಿಡಿದು ಒಯ್ಯುತ್ತದೆ. ನಮಗೆ ವಿಷವಾದ ಸಲ್ಫೈಡ್ ಹುಳುವಿಗೆ ಅಪಾಯ ಮಾಡದೆ ಬ್ಯಾಕ್ಟೀರಿಯಗಳನ್ನು ತಲುಪುವುದು ಹೀಗೆ. ಬ್ಯಾಕ್ಟೀರಿಯಗಳು ಕಟ್ಟಿದ ಆಹಾರದ ಒಂದು ಪಾಲು ಹುಳುವಿಗೆ ಸಿಗುತ್ತದೆ. ಜೊತೆಗೆ ಬ್ಯಾಕ್ಟೀರಿಯಗಳನ್ನೇ ಹುಳು ಜೀರ್ಣಿಸಿಕೊಳ್ಳುತ್ತದೆ. ಮಕ್ಕಳಿಗೆ ಇದು ವಿಚಿತ್ರವೆನಿಸಿದರೆ ಹಟ್ಟಿಯ ಹಸುವನ್ನು ತೋರಿಸಿರಿ. ಹುಲ್ಲಿನ ನಾರನ್ನು ಕರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು. ಮುಂದೆ ಆ ಸೂಕ್ಷ್ಮಜೀವಿಗಳನ್ನೂ ಹಸು ಜೀರ್ಣಿಸಿಕೊಳ್ಳುತ್ತದೆ. ಹಸುವಿಗೆ ಹುಲ್ಲನ್ನು ಹೊರಗಿನಿಂದ ತರಬೇಕು. ಹುಳುವಿಗೆ ಹುಲ್ಲುಗಾವಲೇ ದೇಹದೊಳಗಿದೆ ಎನ್ನಬಹುದು. ಹಾಗಾದರೆ ರಿಫ್ಟಿಯಾ ಉತ್ಪಾದಕವೋ ಭಕ್ಷಕವೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರಾಣಿ ಭಕ್ಷಕ, ಅದರೊಳಗಿನ ಬ್ಯಾಕ್ಟೀರಿಯ ಉತ್ಪಾದಕ. ಹಲಗೆಯ ಮೇಲೆ ದೊಡ್ಡ ಚೌಕದೊಳಗೆ ಒಂದು ಚಿಕ್ಕ ಚೌಕ ಬರೆದು, ಬಾಣವನ್ನು ಒಳಗಿನಿಂದ ಹೊರಕ್ಕೆ ಎಳೆದರೆ ಸಾಕು.

ಈಗ ‘ಮೂಲ’ದ ಪ್ರಶ್ನೆಗೆ ಬರೋಣ. ಬುಗ್ಗೆಯ ಹುಳುವಿಗೆ ಸಿಗುವ ಸಲ್ಫೈಡ್ ಭೂಗರ್ಭದ ಶಾಖದಿಂದ ಹುಟ್ಟಿದ್ದು. ಇಂಗಾಲ ನೀರಿನಲ್ಲಿ ಕರಗಿದ್ದು. ಆದರೆ ಆಮ್ಲಜನಕ? ಬುಗ್ಗೆಯ ನೀರಿನಲ್ಲಿ ಅದು ಇಲ್ಲವೆಂದು ಆಗಲೇ ಹೇಳಿದೆ. ಧ್ರುವಪ್ರದೇಶಗಳಲ್ಲಿ ತಣಿದು ಭಾರವಾದ ಮೇಲ್ಮೈ ನೀರು ಆಳಕ್ಕಿಳಿದು, ಸಾಗರತಳದ ಉದ್ದಕ್ಕೂ ಶತಮಾನಗಳ ಕಾಲ ಮೆಲ್ಲನೆ ಹರಿಯುತ್ತ, ತನ್ನೊಡನೆ ಆಮ್ಲಜನಕವನ್ನು ಒಯ್ಯುತ್ತದೆ. ಆ ಆಮ್ಲಜನಕವನ್ನು ಉಂಟುಮಾಡಿದ್ದು ಹಸಿರು ಸಸ್ಯಗಳು ಮತ್ತು ಪ್ಲವಕಗಳು. ಅಂದರೆ ಬೆಳಕನ್ನೇ ಕಾಣದ ಆ ಹುಳುವು ಪ್ರತಿಕ್ಷಣವೂ ಬಳಸುವ ಎರಡು ವಸ್ತುಗಳಲ್ಲಿ ಒಂದು ಸೂರ್ಯನ ಬೆಳಕಿನಿಂದ ಬಂದದ್ದು. ಸೂರ್ಯ ಆರಿಹೋದರೆ ಬೂತಾಯಿ ಬಲುಬೇಗ ಸಾಯುತ್ತದೆ. ರಿಫ್ಟಿಯಾ ಬಹಳ ಕಾಲ ತಾಳುತ್ತದೆ. ಆದರೆ ಆಳದ ನೀರಿನ ಆಮ್ಲಜನಕ ಮುಗಿದ ದಿನ ಅದೂ ಉಳಿಯುವುದಿಲ್ಲ.

ಹಾಗೆಂದು ಪೂರ್ತಿ ಸ್ವತಂತ್ರವಾದ ಜೀವಿಗಳು ಇಲ್ಲವೇ ಎಂದರೆ, ಇವೆ. ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡನ್ನು ಸೇರಿಸಿ ಮೀಥೇನ್ ಮಾಡುತ್ತ ಬದುಕುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕಿಲ್ಲ, ಇದ್ದರೆ ತೊಂದರೆಯೇ. ಇವುಗಳಲ್ಲೊಂದನ್ನು ನಮ್ಮ ಹಿಂದೂ ಮಹಾಸಾಗರದ ‘ಕೈರೇ’ ಬುಗ್ಗೆಕ್ಷೇತ್ರದಿಂದ ಜಪಾನಿನ ವಿಜ್ಞಾನಿಗಳು ಬೇರ್ಪಡಿಸಿದರು. ಅಧಿಕ ಒತ್ತಡದಲ್ಲಿ ಅದು 122 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಬೆಳೆಯುತ್ತದೆಂದು 2008ರಲ್ಲಿ ವರದಿಯಾಯಿತು. ಸೂರ್ಯನಿಗೆ ಯಾವ ಋಣವೂ ಇಲ್ಲದ ಬದುಕು ಇಂತಹ ಸೂಕ್ಷ್ಮಜೀವಿಗಳದು. ಬುಗ್ಗೆಯ ಸುತ್ತಣ ಹುಳು, ಚಿಪ್ಪು, ಏಡಿ, ಮೀನುಗಳ ವಿಷಯ ಹಾಗಲ್ಲ.

ಆಹಾರಜಾಲ ಎನ್ನುವಾಗ ಹುಳುವಿನ ಬಳಿಯೇ ನಿಂತುಬಿಡಬಾರದು. ಬಂಡೆಯ ಮೇಲೆಲ್ಲ ಬ್ಯಾಕ್ಟೀರಿಯಗಳು ಬಿಳಿಯ ಹಾಸಿನಂತೆ ಬೆಳೆಯುತ್ತವೆ. ಟೋಪಿಯಾಕಾರದ ಚಿಪ್ಪಿನ ‘ಲಿಂಪೆಟ್’ ಎಂಬ ಪುಟ್ಟ ಬಸವನಹುಳುಗಳು ಅದನ್ನು ಕೆರೆದು ತಿನ್ನುತ್ತವೆ. ಚಿಕ್ಕ ಕಠಿಣಚರ್ಮಿಗಳು ಹಿಂಡುಗಟ್ಟಿ ಮೇಯುತ್ತವೆ. ಬಿಳಿ ಏಡಿ ಹುಳುವಿನ ತುರಾಯಿಯನ್ನು ಚಿವುಟುತ್ತದೆ, ಚಿಪ್ಪುಜೀವಿಗಳನ್ನೂ ಬಿಡುವುದಿಲ್ಲ. ಪಚ್ಚಿಲೆಯ ಬಂಧುವಾದ ಬುಗ್ಗೆಯ ಚಿಪ್ಪು ಕಿವಿರಿನಲ್ಲಿ ಬ್ಯಾಕ್ಟೀರಿಯಗಳನ್ನು ಸಾಕಿಕೊಂಡಿದ್ದರೂ ನೀರನ್ನು ಸೋಸಿ ತಿನ್ನುವ ಹಳೆಯ ರೂಢಿಯನ್ನು ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ಸಾಗರಹಿಮದಿಂದಲೂ ಅದಕ್ಕೊಂದು ಬಾಣ ಎಳೆಯಬೇಕು. ಇವೆಲ್ಲದರ ನಡುವೆ ‘ಥರ್ಮಾರ್ಸಿಸ್’ ಎಂಬ ಬಿಳಿಯ ಮೀನು ಹಾವಿನಂತೆ ನುಸುಳಾಡುತ್ತದೆ. ಅದರ ಹೊಟ್ಟೆಯಲ್ಲಿ ಸಿಕ್ಕಿದ್ದು ಹುಳುವಲ್ಲ. ಲಿಂಪೆಟ್ ಮತ್ತು ಕಠಿಣಚರ್ಮಿಗಳು. ಪೂರ್ವ ಶಾಂತಸಾಗರದಲ್ಲಿ ಸಂಶೋಧಕರು ಮೀನು ಒಳಬರದಂತೆ ಪಂಜರಗಳನ್ನಿಟ್ಟು ನೋಡಿದಾಗ ಒಳಗಡೆ ಲಿಂಪೆಟ್‌ಗಳ ಸಂಖ್ಯೆ ಏರಿತು. ಲಿಂಪೆಟ್‌ಗಳು ಬಂಡೆ ಕೆರೆಯುವಾಗ ಆಗತಾನೆ ನೆಲೆಯೂರಿದ ಬೇರೆ ಪ್ರಾಣಿಗಳ ಮರಿಗಳನ್ನೂ ಕೆರೆದು ಹಾಕಬಲ್ಲವು. ಹೀಗಾಗಿ ಮೀನು ಮುಟ್ಟದ ಪ್ರಾಣಿಗಳ ಭವಿಷ್ಯವೂ ಮೀನಿನ ಊಟವನ್ನು ಅವಲಂಬಿಸಿದೆ. ಹಾವುಗಳನ್ನು ಕೊಂದರೆ ಗದ್ದೆಯ ಭತ್ತಕ್ಕೆ ಏನಾಗುತ್ತದೆ ಎಂದು ಕೇಳುವ ನಮ್ಮ ಹಳೆಯ ಪ್ರಶ್ನೆಯ ಕಡಲತಳದ ರೂಪ ಇದು.

ಎರಡೂವರೆ ಕಿಲೋಮೀಟರ್ ಆಳದಲ್ಲಿ ಯಾರು ಯಾರನ್ನು ತಿಂದರೆಂದು ಕುಳಿತು ನೋಡುವವರು ಯಾರು ಎಂಬ ಸಂದೇಹ ನ್ಯಾಯವಾದದ್ದೇ. ಉತ್ತರ ದೇಹದ ಇಂಗಾಲದಲ್ಲಿದೆ. ಇಂಗಾಲದಲ್ಲಿ ಹಗುರವಾದ 12 ಮತ್ತು ತುಸು ಭಾರವಾದ 13 ಎಂಬ ಎರಡು ಸ್ಥಿರ ಐಸೋಟೋಪುಗಳಿವೆ. ಆಹಾರ ಕಟ್ಟುವ ವಿಧಾನಕ್ಕೆ ತಕ್ಕಂತೆ ಅವುಗಳ ಪ್ರಮಾಣ ಬೇರೆಯಾಗುತ್ತದೆ, ತಿಂದವರ ದೇಹಕ್ಕೂ ಹೆಚ್ಚು ಬದಲಾಗದೆ ದಾಟುತ್ತದೆ. ಪ್ಲವಕವನ್ನು ನೆಚ್ಚಿದ ಕಡಲ ಪ್ರಾಣಿಗಳಲ್ಲಿ ಈ ಅಳತೆ ಸಾವಿರಕ್ಕೆ ಋಣ 20ರ ಆಸುಪಾಸಿನಲ್ಲಿದ್ದರೆ, ಗೆಲಾಪಗೋಸ್ ಬುಗ್ಗೆಯ ಚಿಪ್ಪುಜೀವಿಯಲ್ಲಿ ಅದು ಋಣ 33ರಷ್ಟಿದೆಯೆಂದು 1979ರಲ್ಲಿಯೇ ಪ್ರಕಟವಾಯಿತು. ಅದರ ಊಟ ಮೇಲಿನಿಂದ ಉದುರಿದ್ದಲ್ಲ ಎಂಬುದಕ್ಕೆ ಅದು ಪುರಾವೆಯಾಯಿತು. ಸಾರಜನಕದ ಭಾರವಾದ ಐಸೋಟೋಪು ಪ್ರತಿ ಪೋಷಣಸ್ತರದಲ್ಲಿಯೂ ಸಾವಿರಕ್ಕೆ ಸುಮಾರು ಮೂರರಷ್ಟು ಏರುತ್ತದೆ. ಅದರಿಂದ ಯಾರು ಎಷ್ಟನೆಯ ಮೆಟ್ಟಿಲಿನಲ್ಲಿದ್ದಾರೆಂದು ಅಂದಾಜು ಮಾಡುತ್ತಾರೆ. ಹತ್ತನೆಯ ತರಗತಿಗೆ ಇಷ್ಟು ಸಾಕು.

ತಣ್ಣೊಸರಿನ ಕಥೆ ಬೇರೆ. 1984ರಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ, ಫ್ಲೋರಿಡಾದ ಕಡಿದಾದ ಕಡಲತಳದ ಬುಡದಲ್ಲಿ, ಸುಮಾರು 3,200 ಮೀಟರ್ ಆಳದಲ್ಲಿ ಇಂತಹ ಸಮುದಾಯವೊಂದು ಮೊದಲ ಬಾರಿಗೆ ವರದಿಯಾಯಿತು. ಅಲ್ಲಿ ಜ್ವಾಲಾಮುಖಿಯಿಲ್ಲ, ಬಿಸಿನೀರಿಲ್ಲ. ಆದರೂ ಕೊಳವೆಹುಳುಗಳೂ ಚಿಪ್ಪುಜೀವಿಗಳೂ ಇದ್ದವು. ಬಿಸಿಯು ಆಹಾರವಲ್ಲ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹೆಚ್ಚಿನ ಒಸರುಗಳಲ್ಲಿ ಮುಖ್ಯ ವಸ್ತು ಮೀಥೇನ್. ಕಡಲತಳದ ಕೆಸರಿನಲ್ಲಿ ಹೂತುಹೋದ ಜೈವಿಕ ವಸ್ತು ಕೊಳೆತು ಅಥವಾ ಆಳದ ಶಾಖಕ್ಕೆ ಒಡೆದು ಮೀಥೇನ್ ಆಗುತ್ತದೆ, ಮೆಲ್ಲನೆ ಮೇಲಕ್ಕೆ ಒಸರುತ್ತದೆ. ಕೆಸರಿನೊಳಗೆ, ಆಮ್ಲಜನಕವಿಲ್ಲದಲ್ಲಿ, ಆರ್ಕಿಯಾ ಮತ್ತು ಬ್ಯಾಕ್ಟೀರಿಯಗಳು ಒಟ್ಟುಗೂಡಿ ಕಡಲ ನೀರಿನ ಸಲ್ಫೇಟಿನ ಸಹಾಯದಿಂದ ಆ ಮೀಥೇನನ್ನು ಉತ್ಕರ್ಷಿಸುತ್ತವೆ. ಸೂಕ್ಷ್ಮದರ್ಶಕದಡಿ ನಡುವೆ ಆರ್ಕಿಯಾ, ಸುತ್ತ ಬ್ಯಾಕ್ಟೀರಿಯ ಇರುವ ಈ ಪುಟ್ಟ ಗುಂಪುಗಳ ವಿವರ 2000ದಲ್ಲಿ, ಅಮೆರಿಕದ ಓರೆಗಾನ್ ತೀರದಾಚೆಯ ಕೆಸರಿನ ಅಧ್ಯಯನದಿಂದ ಹೊರಬಂತು. ಅವುಗಳ ಕೆಲಸದಿಂದ ಹುಟ್ಟುವ ಸಲ್ಫೈಡ್ ಹುಳುಗಳ ಬ್ಯಾಕ್ಟೀರಿಯಗಳಿಗೆ ಆಹಾರ; ಹುಟ್ಟುವ ಕಾರ್ಬೊನೇಟು ಕಲ್ಲಾಗಿ ಗಟ್ಟಿಗೊಂಡು ಪ್ರಾಣಿಗಳು ಅಂಟಿಕೊಳ್ಳಲು ನೆಲೆ. ಹಸಿರುಮನೆ ಅನಿಲವಾದ ಮೀಥೇನಿನ ಬಹುಪಾಲು ಕಡಲತಳದಿಂದ ಮೇಲೇರದೆ ಉಳಿಯುವುದೂ ಇವುಗಳ ದೆಸೆಯಿಂದಲೇ.

ಇಲ್ಲಿ ‘ಮೂಲ’ ಮತ್ತೆ ತಿರುವು ಪಡೆಯುತ್ತದೆ. ಹೂತುಹೋದ ಆ ಜೈವಿಕ ವಸ್ತು ಒಂದು ಕಾಲದಲ್ಲಿ ಮೇಲ್ಮೈಯಲ್ಲಿ ಬಿಸಿಲುಂಡ ಪ್ಲವಕವೇ. ಒಸರಿನ ಜೀವಿಗಳು ಉಣ್ಣುವುದು ಲಕ್ಷಾಂತರ ವರ್ಷಗಳ ಹಿಂದಿನ ತಂಗಳು ಬಿಸಿಲನ್ನು. ಬುಗ್ಗೆಯ ಜೀವಿ ಆಮ್ಲಜನಕಕ್ಕಾಗಿ ಮಾತ್ರ ಸೂರ್ಯನಿಗೆ ಋಣಿ. ಒಸರಿನ ಜೀವಿ ಶಕ್ತಿ, ಇಂಗಾಲ, ಆಮ್ಲಜನಕ ಮೂರಕ್ಕೂ, ದೂರದ ನೆಂಟಸ್ತಿಕೆಯಲ್ಲಿ, ಋಣಿ.

ಎರಡರ ಬದುಕಿನ ವೇಗವೂ ಬೇರೆ. ಪೂರ್ವ ಶಾಂತಸಾಗರದ ಒಂದು ಬುಗ್ಗೆಕ್ಷೇತ್ರ 1991ರ ಏಪ್ರಿಲಿನಲ್ಲಿ ಲಾವಾ ಉಕ್ಕಿ ಸುಟ್ಟುಹೋಯಿತು. 1993ರ ಕೊನೆಗೆ ಅಲ್ಲಿ ರಿಫ್ಟಿಯಾ ಹುಳುಗಳು ಒಂದು ಮೀಟರ್ ಮೀರಿ ಬೆಳೆದು ನಿಂತಿದ್ದವು. ವರ್ಷಕ್ಕೆ 85 ಸೆಂಟಿಮೀಟರಿಗೂ ಹೆಚ್ಚು ಬೆಳವಣಿಗೆ. ಮೆಕ್ಸಿಕೋ ಕೊಲ್ಲಿಯ ಒಸರಿನ ಕೊಳವೆಹುಳು ಎರಡು ಮೀಟರ್ ಆಗಲು 170ರಿಂದ 250 ವರ್ಷ ತೆಗೆದುಕೊಳ್ಳುತ್ತದೆ. ಬುಗ್ಗೆ ಯಾವಾಗ ಬತ್ತುವುದೋ ತಿಳಿಯದು, ಆದ್ದರಿಂದ ಅಲ್ಲಿ ಬೇಗ ಬೆಳೆದು ಬೇಗ ಸಂತಾನ ಬಿಡಬೇಕು. ಒಸರು ಹನಿಹನಿಯಾಗಿ ಶತಮಾನಗಳ ಕಾಲ ಸಿಗುತ್ತದೆ. ಕೋಸ್ಟರಿಕಾ ತೀರದ ಒಸರುಗಳಲ್ಲಿರುವ ಒಂದು ಏಡಿಯನ್ನು ಹೇಳದೆ ಮುಂದೆ ಹೋಗಲಾರೆ. ಕೈಗಳ ಮೇಲಿನ ರೋಮಗಳಲ್ಲಿ ಬ್ಯಾಕ್ಟೀರಿಯ ಬೆಳೆಸಿಕೊಂಡು, ಅವುಗಳಿಗೆ ಆಮ್ಲಜನಕವೂ ಸಲ್ಫೈಡೂ ಸಿಗಲೆಂದು ದಿನವಿಡೀ ತಾಳಬದ್ಧವಾಗಿ ಕೈ ಬೀಸುತ್ತದೆ. ಬೆಳೆ ಬಂದಾಗ ಬಾಚಿ ತಿನ್ನುತ್ತದೆ. ಚಿಕ್ಕ ತರಗತಿಗಳಲ್ಲಿ ಪಾಠ ಶುರುಮಾಡಲು ಇದರಷ್ಟು ಒಳ್ಳೆಯ ಪ್ರಾಣಿ ಬೇರೊಂದಿಲ್ಲ.

ಇವೆಲ್ಲ ದೂರದ ಕಡಲಿನ ಮಾತೆಂದು ಮಕ್ಕಳು ತಿಳಿಯಬೇಕಾಗಿಲ್ಲ. ಬಂಗಾಳಕೊಲ್ಲಿಯ ಕೃಷ್ಣಾ–ಗೋದಾವರಿ ಜಲಾನಯನದ ಕಡಲತಳದಲ್ಲಿ ಸಕ್ರಿಯ ಮೀಥೇನ್ ಒಸರನ್ನೂ ಅದರ ಜೀವಿಸಮುದಾಯವನ್ನೂ ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2018ರ ಯಾನದಲ್ಲಿ ಕಂಡರು. ಹಿಂದೂ ಮಹಾಸಾಗರದ ನಡುವಿನ ಪರ್ವತಶ್ರೇಣಿಯಲ್ಲಿ ಕೈರೇ ಕ್ಷೇತ್ರ 2000ದಲ್ಲಿ ಪತ್ತೆಯಾಗಿತ್ತು. ಮರುವರ್ಷ ಅಲ್ಲಿ ಸಿಕ್ಕ ಒಂದು ಬಸವನಹುಳುವಿನ ಪಾದದ ಮೇಲೆ ಕಬ್ಬಿಣದ ಸಲ್ಫೈಡು ಲೇಪಿಸಿದ ಹುರುಪೆಗಳಿದ್ದವು. ಅದರ ಅನ್ನನಾಳದ ಗ್ರಂಥಿಯೊಂದು ವಿಪರೀತ ಬೆಳೆದು ಬ್ಯಾಕ್ಟೀರಿಯಗಳ ಮನೆಯಾಗಿದೆ. 2024ರ ಡಿಸೆಂಬರಿನಲ್ಲಿ ಭಾರತದ್ದೇ ವಿಜ್ಞಾನಿಗಳು ಸ್ವಯಂಚಾಲಿತ ಮುಳುಗುಯಂತ್ರವನ್ನು ಇಳಿಸಿ, ಸುಮಾರು 4,500 ಮೀಟರ್ ಆಳದ ಸಕ್ರಿಯ ಬುಗ್ಗೆಯೊಂದರ ಚಿತ್ರ ತೆಗೆದರು.

ಆಸಕ್ತಿ ಕೇವಲ ಜೀವಿಗಳದ್ದಲ್ಲ. ಬುಗ್ಗೆಯ ಚಿಮಣಿಗಳೆಂದರೆ ತಾಮ್ರ, ಸತು, ಸ್ವಲ್ಪ ಚಿನ್ನಬೆಳ್ಳಿಗಳ ಅದಿರು. ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಇಂತಹ ಸಲ್ಫೈಡು ನಿಕ್ಷೇಪಗಳನ್ನು ಅನ್ವೇಷಿಸಲು ಅಂತರರಾಷ್ಟ್ರೀಯ ಕಡಲತಳ ಪ್ರಾಧಿಕಾರದೊಡನೆ ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿದೆ. ಆ ಕಬ್ಬಿಣದ ಪಾದದ ಬಸವನಹುಳು 2019ರಲ್ಲಿ, ಕಡಲತಳದ ಗಣಿಗಾರಿಕೆಯ ಭೀತಿಯ ಕಾರಣದಿಂದಲೇ, ಅಳಿವಿನಂಚಿನ ಜೀವಿಗಳ ಕೆಂಪುಪಟ್ಟಿ ಸೇರಿತು. ಬತ್ತಿದ ಬುಗ್ಗೆಗಳಿಂದ ಮಾತ್ರ ಅದಿರು ತೆಗೆದರೆ ತೊಂದರೆಯಿಲ್ಲವೆಂಬ ವಾದವಿದೆ. ಎಬ್ಬಿಸಿದ ಕೆಸರು ಸೋಸಿ ತಿನ್ನುವ ಪ್ರಾಣಿಗಳ ಕಿವಿರು ಕಟ್ಟುತ್ತದೆಂಬ ಪ್ರತಿವಾದವೂ ಇದೆ. ಒಂಬತ್ತನೆಯ ತರಗತಿಯವರು ಇದನ್ನು ಚರ್ಚಾಸ್ಪರ್ಧೆಯ ವಿಷಯವಾಗಿ ಎತ್ತಿಕೊಳ್ಳಬಹುದು. ಆದರೆ ಮೊದಲು ಅವರು ಆಹಾರಜಾಲವನ್ನು ಬರೆದಿರಬೇಕು. ಅದಿಲ್ಲದೆ ಚರ್ಚೆ ಬರಿಯ ಘೋಷಣೆಯಾಗುತ್ತದೆ.

ಇನ್ನು ಆ ಒಂದು ಅಂಕದ ವಿಚಾರ. ‘ಎಲ್ಲ ಆಹಾರಕ್ಕೂ ಮೂಲ ಸೂರ್ಯ’ ಎಂಬ ವಾಕ್ಯಕ್ಕೆ ಒಂದು ಮಗು ‘ತಪ್ಪು’ ಎಂದು ಬರೆದು, ಕಡಲತಳದ ಬ್ಯಾಕ್ಟೀರಿಯಗಳು ಸಲ್ಫೈಡಿನಿಂದ ಶಕ್ತಿ ಪಡೆಯುತ್ತವೆ ಎಂದು ಕಾರಣ ಕೊಟ್ಟರೆ ಪೂರ್ಣ ಅಂಕ ಸಲ್ಲಬೇಕು. ಇನ್ನೊಂದು ಮಗು ‘ಸರಿ’ ಎಂದು ಬರೆದು, ಆ ಬ್ಯಾಕ್ಟೀರಿಯಗಳಿಗೂ ಬೇಕಾದ ಆಮ್ಲಜನಕ ಸಸ್ಯಗಳಿಂದಲೇ ಬಂದದ್ದು ಎಂದರೆ, ಆ ಉತ್ತರದ ಹಿಂದೆ ಹೆಚ್ಚಿನ ಆಲೋಚನೆಯಿದೆ. ಅದಕ್ಕೂ ಪೂರ್ಣ ಅಂಕ ಸಲ್ಲಬೇಕು. ಕಾರಣವಿಲ್ಲದ ‘ಸರಿ’ ಮತ್ತು ಕಾರಣವಿಲ್ಲದ ‘ತಪ್ಪು’ ಎರಡೂ ನನ್ನ ದೃಷ್ಟಿಯಲ್ಲಿ ಸಮಾನ. ನಮ್ಮ ಕೈಗೆ ಬರುವ ಉತ್ತರಸೂಚಿ ಅನೇಕ ವೇಳೆ ಬೇರೆ ಭಾಷೆಯಲ್ಲಿ ತಯಾರಾಗಿ, ಅವಸರದಲ್ಲಿ ಕನ್ನಡಕ್ಕಿಳಿದಿರುತ್ತದೆ; ಅದರಲ್ಲಿ ಇಂತಹ ಉತ್ತರಗಳಿಗೆ ಜಾಗವಿರುವುದಿಲ್ಲ. ಶಾಲಾಮಟ್ಟದ ಪ್ರಶ್ನೆಪತ್ರಿಕೆ ನಮ್ಮದೇ ಆದುದರಿಂದ, ಅಲ್ಲಿ ‘ಕಾರಣ ಬರೆಯಿರಿ’ ಎಂಬ ಎರಡು ಪದಗಳನ್ನು ಸೇರಿಸಲು ಯಾರ ಅನುಮತಿಯೂ ಬೇಕಿಲ್ಲ. ಹಲಗೆಯ ಕೆಳಗೆ ಬರೆಸುವ ವಾಕ್ಯವನ್ನೂ ತುಸು ತಿದ್ದಬಹುದು: ಭೂಮಿಯ ಬಹುತೇಕ ಆಹಾರಜಾಲಗಳಿಗೆ ಶಕ್ತಿ ಸೂರ್ಯನ ಬೆಳಕಿನಿಂದ ಬರುತ್ತದೆ, ಕೆಲವಕ್ಕೆ ರಾಸಾಯನಿಕ ವಸ್ತುಗಳಿಂದ ಬರುತ್ತದೆ.

ಮಧ್ಯಾಹ್ನದ ಅವಧಿಯಲ್ಲಿ ತಾವು ಗುಂಪುಗಳಾಗಿ ಕುಳಿತು ಎರಡು ಜಾಲಗಳನ್ನು ಬರೆಯಲಿದ್ದೀರಿ, ಒಂದು ಬುಗ್ಗೆಯದು, ಇನ್ನೊಂದು ಒಸರಿನದು. ಶಕ್ತಿಗೆ ಕೆಂಪು, ಇಂಗಾಲಕ್ಕೆ ಕಪ್ಪು, ಆಮ್ಲಜನಕಕ್ಕೆ ನೀಲಿ ಸೀಮೆಸುಣ್ಣ ಬಳಸಿರಿ. ಸೂರ್ಯನನ್ನು ಹಾಳೆಯ ಮೇಲ್ತುದಿಯಲ್ಲಿ ಎಂದಿನಂತೆಯೇ ಬರೆಯಿರಿ. ಅಲ್ಲಿಂದ ಯಾವ ಬಣ್ಣದ ಬಾಣ ಎಲ್ಲಿಗೆ ಹೋಗಬೇಕು, ಯಾವ ಜೀವಿಗೆ ಒಂದು ಬಾಣವೂ ಹೋಗಬಾರದು ಎಂಬುದನ್ನು ಗುಂಪಿನವರೇ ವಾದಿಸಿ ತೀರ್ಮಾನಿಸಲಿ. ಬೂತಾಯಿಯನ್ನೂ ಅದೇ ಹಾಳೆಯ ಒಂದು ಬದಿಯಲ್ಲಿ ಬರೆದುಕೊಳ್ಳಿರಿ, ಹೋಲಿಕೆಗೆ ಬೇಕಾಗುತ್ತದೆ.